ಮೂತಿ ಮಾವನ ಅಂಗೈ

ಅವಳು ಅವರನ್ನು ಮೊದಲ ಸಲ ನೋಡಿದಾಗ ಕಣ್ಣಿಗೆ ಬಿದ್ದದ್ದು ಎರಡು ಕಾಲು ಮಾತ್ರ. ಶೆಡ್ಡಿನ ಬಾಗಿಲು ದಾಟುತ್ತಿದ್ದಂತೆ ಎಡಗಡೆಗೆ ಬೂದು ಬಣ್ಣದ ಕಾರೊಂದು ಬಾನೆಟ್ ಎತ್ತಿಕೊಂಡು ನಿಂತಿತ್ತು. ಅದರ ಮುಂಭಾಗದ ಕೆಳಗಿನಿಂದ ಆ ಕಾಲುಗಳು ಹೊರಗೆ ಚಾಚಿದ್ದವು. ಪ್ಯಾಂಟಿನ ಮೊಣಕಾಲಿಗೆ ಬೇರೆ ಬಣ್ಣದ ಬಟ್ಟೆಯ ತೇಪೆ ಇತ್ತು. ತೇಪೆಯ ಹೊಲಿಗೆ ಅಂಗಡಿಯಲ್ಲಿ ಹಾಕಿಸಿದ್ದಲ್ಲ, ಯಾರೋ ಕೂತು ನಿಧಾನವಾಗಿ ಕೈಯಲ್ಲೇ ಹಾಕಿದ್ದು ಅನ್ನುವುದು ದೂರದಿಂದಲೇ ತಿಳಿಯುತ್ತಿತ್ತು.

ಬೆಳಿಗ್ಗೆ ಒಂಬತ್ತಕ್ಕೆ ಇನ್ನೂ ಐದು ನಿಮಿಷವಿತ್ತು. ಮೊದಲ ದಿನವೇ ತಡವಾಗಿ ಬಂದಳು ಅನ್ನಿಸಿಕೊಳ್ಳಬಾರದೆಂದು ಅವಳು ಅರ್ಧ ಗಂಟೆ ಮುಂಚೆಯೇ ಬಂದು ರಸ್ತೆಯ ಆಚೆ ಬದಿಯಲ್ಲಿ ನಿಂತಿದ್ದಳು. ಕೈಯಲ್ಲಿ ನೀರಿನ ಬಾಟಲಿ, ಮಧ್ಯಾಹ್ನದ ಡಬ್ಬಿ, ಹಳೆಯ ಅಂಗಿಯೊಂದರಿಂದ ಹರಿದುಕೊಂಡ ಎರಡು ಒರೆಸುವ ಬಟ್ಟೆ.

"ಯಜಮಾನರು ಇದಾರಾ?" ಎಂದು ಕಾಲುಗಳನ್ನು ಕೇಳಿದಳು.

ಕಾಲುಗಳು ಉತ್ತರ ಕೊಡಲಿಲ್ಲ. ಇನ್ನೊಮ್ಮೆ ಕೇಳಿದಳು. ಹೆಬ್ಬೆರಳು ಮಾತ್ರ ಒಂದು ಸಲ ಅಲ್ಲಾಡಿತು. ಆಮೇಲೆ ನೆಲಕ್ಕೆ ಹಾಸಿದ್ದ ರಟ್ಟಿನ ಸಮೇತ ಒಬ್ಬರು ಜಾರಿಕೊಂಡು ಹೊರಗೆ ಬಂದರು. ಐವತ್ತರ ಆಚೆಯ ವಯಸ್ಸು, ಸಣ್ಣ ದೇಹ, ಅರ್ಧ ನರೆತ ಮೀಸೆ. ಗುಂಡುಸೂಜಿ ಕಚ್ಚಿಕೊಂಡ ದರ್ಜಿಯ ಹಾಗೆ ತುಟಿಗಳ ನಡುವೆ ಕಪ್ಪು ಪ್ಲಾಸ್ಟಿಕ್ ಕ್ಲಿಪ್ಪುಗಳನ್ನು ಸಾಲಾಗಿ ಕಚ್ಚಿಕೊಂಡಿದ್ದರು. ಮಾತಾಡಲು ಬಾಯಿ ಖಾಲಿ ಇರಲಿಲ್ಲ. ಹುಬ್ಬನ್ನು ಮೇಲಕ್ಕೆತ್ತಿ ಅವಳ ಕೈಯ ಕಡೆ ತೋರಿಸಿದರು. ಅವಳು ಡಬ್ಬಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಅಂಗೈ ಚಾಚಿದಳು. ಅವರು ಬಾಯಿಯನ್ನು ಅದರೊಳಗೆ ಖಾಲಿ ಮಾಡಿದರು.

"ಒರೆಸ್ಕೋಬೇಡ, ಎಣಿಸು."

"ಐದಿದೆ."

"ಆರಿರಬೇಕಲ್ಲ." ನಾಲಗೆಯಿಂದ ಕೆನ್ನೆಯ ಒಳಗೆಲ್ಲ ಹುಡುಕಿ ಆರನೆಯದನ್ನೂ ಹೊರಗೆ ತಂದರು. "ನುಂಗಿಬಿಟ್ನೇನೋ ಅಂದ್ಕೊಂಡೆ. ಹೋದ್ಸಲ ಒಂದು ಹೋಯ್ತು. ಗಾಡಿ ಚೆನ್ನಾಗೇ ಓಡ್ತು, ನಾನೂ ಚೆನ್ನಾಗೇ ಓಡ್ದೆ."

ಹೊಸ ಜಾಗದಲ್ಲಿ ಮೊದಲ ದಿನ ಗಂಭೀರವಾಗಿರಬೇಕೆಂದು ಮನೆಯಿಂದಲೇ ಗಟ್ಟಿ ಮಾಡಿಕೊಂಡು ಬಂದಿದ್ದಳು. ಅದು ಒಂಬತ್ತು ಗಂಟೆ ಆಗುವ ಮುಂಚೆಯೇ ಮುರಿದುಬಿತ್ತು. ನಕ್ಕುಬಿಟ್ಟಳು.

ಅವರು ಎದ್ದು ಗೋಡೆಗೆ ಒರಗಿಸಿದ್ದ ಇನ್ನೊಂದು ರಟ್ಟಿನ ಚೂರನ್ನು ತಂದರು. ಅದರ ಮೇಲೆ ಪೆನ್ಸಿಲ್ಲಿನಲ್ಲಿ ಕಾರಿನ ಮುಖ ಬರೆದಿತ್ತು. ದೀಪಗಳ ಜಾಗದಲ್ಲಿ ಎರಡು ಕಣ್ಣು, ಕೆಳಗೆ ಅಗಲವಾದ ಬಾಯಿ, ಎರಡೂ ಕಡೆ ಕಿವಿಯಂತೆ ಚಕ್ರದ ಕಮಾನು. ಬಿಚ್ಚಿದ ಸ್ಕ್ರೂಗಳನ್ನೆಲ್ಲ ಅವು ಇದ್ದ ಜಾಗಕ್ಕೆ ಸರಿಯಾಗಿ ರಟ್ಟಿನಲ್ಲಿ ಚುಚ್ಚಿ ನಿಲ್ಲಿಸಿದ್ದರು.

"ಎಲ್ಲಿಂದ ಬಂತೋ ಅಲ್ಲಿಗೇ ಹೋಗ್ಬೇಕು. ಇಲ್ಲಾಂದ್ರೆ ಸಂಜೆ ಎರಡು ಸ್ಕ್ರೂ ಉಳ್ಕೊಂಡು, ಕಂಪನಿಯೋರು ಜಾಸ್ತಿ ಹಾಕಿದ್ರು ಅಂತ ಹೇಳ್ಬೇಕಾಗುತ್ತೆ. ಚುಚ್ಚು, ಆರೂ ಮೇಲ್ದುಟಿದು."

ಅವಳು ಆರನ್ನೂ ಮೇಲ್ದುಟಿಗೆ ಚುಚ್ಚಿದಳು.

"ಏನ್ ಕೆಲಸಕ್ಕೆ ಬಂದಿದೀಯಮ್ಮ?"

"ಉಜ್ಜೋಕೆ."

"ಇಷ್ಟು ದಿನ ಏನ್ ಉಜ್ಜಿದೀಯ?"

"ಮರ. ಕುರ್ಚಿ, ಮಂಚ, ಬಾಗಿಲು."

"ಮರಕ್ಕೆ ಎಳೆ ಇರುತ್ತೆ, ಅದೇ ದಾರಿ ತೋರಿಸುತ್ತೆ. ಪ್ಲಾಸ್ಟಿಕ್ಕಿಗೆ ದಾರಿ ಇಲ್ಲ, ನೀನೇ ಮಾಡ್ಕೋಬೇಕು. ಡಬ್ಬಿ ಇಡು, ಆ ಕಡೆ ಹಿಡ್ಕೋ."

ಯಜಮಾನರು ಬರುವಷ್ಟರಲ್ಲಿ ಅವಳು ಬೂದು ಕಾರಿನ ಬಂಪರಿನ ಬಲತುದಿಯನ್ನು ಹಿಡಿದು ನಿಂತಿದ್ದಳು. ಚಕ್ರದ ಕಮಾನಿನ ಹತ್ತಿರ ಬಂಪರಿನ ಮೂಲೆ ಒಳಗಿನ ಒಂದು ಬ್ರಾಕೆಟ್ಟಿಗೆ ಹಲ್ಲುಹಲ್ಲಾಗಿ ಕಚ್ಚಿಕೊಂಡಿರುತ್ತದೆ. ಅದನ್ನು ಬಿಡಿಸುವುದು ಹೇಗೆಂದು ಅವರು ತೋರಿಸಿದರು. ಎಳೀಬೇಡ, ನಿನ್ನ ಕಡೆಗೆ ಕರ್ಕೋ, ಅಂದರು. ಅವಳು ಕರೆದಳು. ಟಕ್, ಟಕ್, ಟಕ್ ಎಂದು ಮೂಲೆ ಬಿಟ್ಟುಕೊಂಡಿತು. ಮುಂದೆ ಎಳೆಯುವ ಮುನ್ನ ಅವರು ಹಿಂದೆ ಕೈ ತೂರಿಸಿ ಫಾಗ್ ಲ್ಯಾಂಪಿನ ವೈರನ್ನು ಬಿಡಿಸಿದರು. ಇಬ್ಬರೂ ಎರಡು ತುದಿ ಹಿಡಿದು ಅದನ್ನು ಎತ್ತಿ, ಮಲಗಿದ ಮಗುವನ್ನು ಒಂದು ಹಾಸಿಗೆಯಿಂದ ಇನ್ನೊಂದಕ್ಕೆ ಸಾಗಿಸುವವರ ಹಾಗೆ ಸ್ಟ್ಯಾಂಡಿನ ಮೇಲೆ ಇಟ್ಟರು. ಮೂತಿ ಹೋದ ಕಾರು ಹಲ್ಲುಸೆಟ್ಟು ತೆಗೆದಿಟ್ಟ ಮುದುಕನ ಹಾಗೆ ಕಾಣುತ್ತಿತ್ತು.

ಶೆಡ್ಡಿನಲ್ಲಿ ಬಂಪರನ್ನು ಯಾರೂ ಬಂಪರ್ ಅನ್ನುತ್ತಿರಲಿಲ್ಲ, ಮೂತಿ ಅನ್ನುತ್ತಿದ್ದರು. ಆ ಹೆಸರಿಟ್ಟವರು ಇವರೇ. ಹಾಗಾಗಿ ಇವರು ಮೂತಿ ಮಾವ ಆದರು. ಯಜಮಾನರಿಗೂ ಮಾವ, ಗಿರಾಕಿಗಳಿಗೂ ಮಾವ. ಒಂದು ವಾರ ಕಳೆಯುವಷ್ಟರಲ್ಲಿ ಅವಳಿಗೂ ಮಾವ.

ಮಾವ ಕೆಲಸಕ್ಕೆ ಸೇರಿದ್ದು ಬಂಪರು ಇನ್ನೂ ಕಬ್ಬಿಣದ್ದಾಗಿದ್ದ ಕಾಲದಲ್ಲಿ. ಆಗ ಅವರು ಟಿಂಕರಿಂಗ್ ಕೆಲಸದವರು. ನೆಗ್ಗಿದ ತಗಡನ್ನು ಬಡಿದು ನೇರ ಮಾಡುವುದೇ ಕಸುಬು. ಬೆಳಗಿಂದ ಸಂಜೆಯವರೆಗೆ ತಗಡಿನ ಮೇಲೆ ಸುತ್ತಿಗೆ. ಇಪ್ಪತ್ತು ವರ್ಷ ಹಾಗೆ ಬಡಿದರು. ಕಿವಿಗೆ ಹತ್ತಿ ಇಟ್ಟುಕೊಳ್ಳಿ ಅಂತ ಹೇಳುವವರು ಯಾರೂ ಇರಲಿಲ್ಲ. ಹೇಳಿದ್ದರೂ ಕೇಳುತ್ತಿರಲಿಲ್ಲ, ಯಾಕೆಂದರೆ ತಗಡು ಸರಿಹೋಯಿತೋ ಇಲ್ಲವೋ ಅನ್ನುವುದು ಸುತ್ತಿಗೆಯ ದನಿಯಲ್ಲೇ ಗೊತ್ತಾಗಬೇಕಿತ್ತು. ಆಮೇಲೆ ಪ್ಲಾಸ್ಟಿಕ್ ಬಂತು. ಪ್ಲಾಸ್ಟಿಕ್ಕನ್ನು ಬಡಿಯುವ ಹಾಗಿಲ್ಲ. ಮಾವನ ಜೊತೆಯವರು ಕೆಲವರು ಕಸುಬನ್ನೇ ಬಿಟ್ಟರು. ಮಾವ ಸುತ್ತಿಗೆ ಕೆಳಗಿಟ್ಟು, ಹಲ್ಲು ಬಂದ ಮೇಲೆ ಮತ್ತೆ ಅಂಬೆಗಾಲಿಡುವವರ ಹಾಗೆ ಕಾರಿನ ಕೆಳಗೆ ತೆವಳಿ, ಯಾವ ಮಾದರಿಯ ಕಾರಿಗೆ ಎಲ್ಲಿ ಸ್ಕ್ರೂ, ಎಲ್ಲಿ ಕ್ಲಿಪ್ಪು ಎಂದು ಒಂದೊಂದಾಗಿ ಕಲಿತರು. ರಟ್ಟಿನ ಮೇಲೆ ಮುಖ ಬರೆಯುವ ಅಭ್ಯಾಸ ಆಗಿನದು. ಈ ಇಪ್ಪತ್ತು ವರ್ಷದಲ್ಲಿ ಅವರು ಬಿಚ್ಚಿದ ಮೂತಿಗಳಲ್ಲಿ ಒಂದರ ಒಂದು ಹಲ್ಲೂ ಮುರಿದಿರಲಿಲ್ಲ. ಇದನ್ನು ಅವರು ತಾವಾಗಿ ಯಾರಿಗೂ ಹೇಳುತ್ತಿರಲಿಲ್ಲ. ಬೇರೆಯವರು ಹೇಳುವಾಗ ಮಾತ್ರ ಅಲ್ಲಿಂದ ಎದ್ದು ಹೋಗುತ್ತಲೂ ಇರಲಿಲ್ಲ.

ಮಧ್ಯಾಹ್ನ ಊಟಕ್ಕೆ ಕೂತಾಗ ಮಾತೆಲ್ಲ ಅತ್ತೆಯ ಬಗ್ಗೆ. ಮಾವನ ಹೆಂಡತಿಯನ್ನು ಅವಳು ನೋಡುವ ಮೊದಲೇ ಅತ್ತೆ ಅನ್ನಲು ಶುರು ಮಾಡಿದ್ದಳು.

"ಮೊದ್ಲೆಲ್ಲ ಎಂಥ ಬೈಗುಳ ಅಂತೀಯ," ಎನ್ನುತ್ತಿದ್ದರು ಮಾವ. "ಬೀದಿ ಕೊನೇಲಿ ನಿಂತ್ರೂ ಕೇಳೋದು. ಈಗೀಗ ಪಾಪ, ಮೆತ್ತಗಾಗಿದಾಳೆ. ನಾಲ್ಕು ಮಾತಿಗೆ ಒಂದು ಮಾತು. ವಯಸ್ಸು ಮನುಷ್ಯರನ್ನ ಒಳ್ಳೆಯವರನ್ನಾಗಿ ಮಾಡುತ್ತೆ ನೋಡು."

ಅವಳು ಮೊದಲ ಎರಡು ವರ್ಷ ಉಜ್ಜಿದಳು. ಬಿಚ್ಚಿ ತಂದ ಮೂತಿಯನ್ನು ತೊಳೆದು, ಗೀಚಿದ ಜಾಗಕ್ಕೆ ಪುಟ್ಟಿ ತುಂಬಿ, ಎಮರಿ ಕಾಗದವನ್ನು ನೀರಲ್ಲಿ ಅದ್ದಿ ಅದ್ದಿ ಉಜ್ಜಿ ನಯ ಮಾಡಬೇಕು. ಬೆರಳ ತುದಿಯ ಗೆರೆಗಳೇ ಸವೆದುಹೋದವು. ಬಣ್ಣ ಹೊಡೆಯುತ್ತಿದ್ದ ಹಿರಿಯ ಪೇಂಟರ್ ಬೆನ್ನುನೋವೆಂದು ಕೆಲಸ ಬಿಟ್ಟ ದಿನ, ಯಜಮಾನರು ಹೊರಗಿನಿಂದ ಇನ್ನೊಬ್ಬನನ್ನು ಕರೆಸುವ ಯೋಚನೆಯಲ್ಲಿದ್ದರು. ಯಜಮಾನರು ಅಂದರೆ ತೀರಾ ದೊಡ್ಡವರೇನಲ್ಲ. ನಲವತ್ತರ ಮನುಷ್ಯ, ಅವರ ತಂದೆ ಕಟ್ಟಿಸಿದ ಶೆಡ್ಡು.

"ಹೊರಗಿನೋನು ಯಾಕೆ?" ಅಂದರು ಮಾವ. "ಎರಡು ವರ್ಷದಿಂದ ಆ ಮೂತಿಗಳ ಮೈ ತಡವಿರೋಳು ಇವಳು. ಎಲ್ಲಿ ಉಬ್ಬು, ಎಲ್ಲಿ ತಗ್ಗು ಅಂತ ಇವಳ ಕೈಗೆ ಗೊತ್ತು. ಗನ್ ಕೊಟ್ಟು ನೋಡಿ."

"ಕೆಟ್ಟುಹೋದ್ರೆ?"

"ಕೆಟ್ಟುಹೋದ್ರೆ ಉಜ್ಜೋಕೂ ಅವಳೇ ಇದಾಳಲ್ಲ."

ಹೀಗೆ ಸ್ಪ್ರೇ ಗನ್ ಅವಳ ಕೈಗೆ ಬಂತು. ಮೊದಲ ಮೂತಿಗೆ ಬಣ್ಣ ಇಳಿಬಿತ್ತು, ಎರಡನೆಯದಕ್ಕೆ ಧೂಳು ಕೂತಿತು, ಮೂರನೆಯದು ನಿಂತಿತು. ಪ್ಲಾಸ್ಟಿಕ್ಕು ಬಾಗುವ ವಸ್ತು. ತಗಡಿಗೆ ಹೊಡೆದ ಹಾಗೆ ಅದಕ್ಕೆ ಹೊಡೆದರೆ ಬಣ್ಣ ಬಿರಿಯುತ್ತದೆ. ಅದಕ್ಕೇ ಬೇರೆ ಪ್ರೈಮರ್, ಬಣ್ಣ ಮೆತ್ತಗಿರಲು ಬೆರೆಸುವ ದ್ರವವೂ ಬೇರೆ. ಎಲ್ಲವನ್ನೂ ಅವಳು ಅಳತೆ ಲೋಟ ಹಿಡಿದು, ಮಗುವಿಗೆ ಔಷಧಿ ಹಾಕುವಷ್ಟು ಜಾಗ್ರತೆಯಿಂದ ಕಲಿತಳು. ಮನೆಯಲ್ಲಿ ತಾಯಿ ಅವಳ ಉಗುರಿನ ಸಂದಿಯ ಬಣ್ಣ ನೋಡಿ ಇವತ್ತು ಯಾವ ಕಾರು ಅಂತ ಹೇಳುವಂತಾದಳು. ಶೆಡ್ಡಿನ ಮುಂದೆ ಹಾಯುವ ಕಾರುಗಳಲ್ಲಿ ತನ್ನ ಕೈಯ ಬಣ್ಣ ಯಾವುದೆಂದು ಗುರುತಿಸುವುದು ಅವಳಿಗೆ ದಿನದ ದೊಡ್ಡ ಸುಖವಾಯಿತು.

ಹಾಗೆ ಮೂರು ವರ್ಷ. ಆಮೇಲೆ ಬಿರುಕು ಶುರುವಾಯಿತು.

ಮೊದಲನೆಯದು ಒಂದು ಬಿಳಿ ಕಾರು. ಬಣ್ಣ ಮಾಡಿಸಿಕೊಂಡು ಹೋದ ಹತ್ತನೆಯ ದಿನ ವಾಪಸ್ ಬಂತು. ಎಡಮೂಲೆಯಲ್ಲಿ, ದೀಪದ ಕೆಳಗೆ, ಉಗುರಿನ ಅಂಚಿನಷ್ಟು ಬಾಗಿದ ಗೆರೆ. ಮೊದಲು ಕಣ್ಣಿಗೆ ಕಾಣದಷ್ಟು ಸಣ್ಣದು. ನಾಲ್ಕು ದಿನ ಓಡಾಡಿ ಧೂಳು ಕೂತ ಮೇಲೆ ಎದ್ದು ಕಂಡಿತ್ತು. ಎಲ್ಲೋ ತಾಗಿಸಿರಬೇಕು ಎಂದು ಎಲ್ಲರೂ ಅಂದುಕೊಂಡರು. ಅವಳು ಮತ್ತೆ ಹೊಡೆದುಕೊಟ್ಟಳು. ಮೂರು ವಾರ ಬಿಟ್ಟು ಇನ್ನೊಂದು ಬಂತು. ಅದೇ ಮೂಲೆ, ಅದೇ ಗೆರೆ. ಅವಳು ಬೆರೆಸುವ ದ್ರವದ ಡಬ್ಬಿಯ ಮೇಲಿನ ತಾರೀಖು ನೋಡಿದಳು, ಅಳತೆಯ ಲೋಟವನ್ನೇ ಬದಲಾಯಿಸಿದಳು, ಒಂದು ದಿನ ಒಣಗಿಸುತ್ತಿದ್ದುದನ್ನು ಎರಡು ದಿನ ಮಾಡಿದಳು. ಮೂರನೆಯದೂ ಬಂತು. ಈ ಸಲ ಎರಡೂ ಮೂಲೆ.

ಯಜಮಾನರು ಕೂಗಾಡುವವರಲ್ಲ. ಅದೇ ಕಷ್ಟ. ಮೆತ್ತಗೆ ಹೇಳಿದರು.

"ನೋಡಮ್ಮ, ಬಣ್ಣ ಒಡೀತಾ ಇದೆ. ಏನೋ ಒಂದು ತಪ್ಪು ನಡೀತಿದೆ, ನಿಂಗೂ ಗೊತ್ತಾಗ್ತಿಲ್ಲ. ಇನ್ನೊಂದು ವಾಪಸ್ ಬಂದ್ರೆ ಹೊರಗಿನ ಪೇಂಟರನ್ನ ಕರೆಸ್ತೀನಿ. ನೀನು ಕೆಲಸ ಬಿಡ್ಬೇಕಾಗಿಲ್ಲ. ಉಜ್ಜೋ ಕೆಲಸ ಇದ್ದೇ ಇದೆ."

ಉಜ್ಜುವ ಕೆಲಸ ಇದ್ದೇ ಇದೆ ಎನ್ನುವ ಮಾತು ಅವಳ ಜೊತೆ ಮನೆಯವರೆಗೂ ಬಂತು. ತಟ್ಟೆಯ ಮುಂದೆ ಕೂತರೂ ಅದೇ, ಮಲಗಿದರೂ ಅದೇ. ತಾಯಿ ಕೇಳಿದರೆ ತಲೆನೋವು ಅಂದಳು.

ಮರುದಿನ ಮಾವ ಅವಳ ಪಕ್ಕ ಬಂದು ನಿಂತು, "ನಿನ್ನ ಮೂತಿ ಯಾಕೆ ಉಬ್ಬಿದೆ? ಬಿಚ್ಚಿ ಕೊಡ್ಲಾ?" ಅಂದರು. ಅವಳಿಗೆ ನಗು ಬರಲಿಲ್ಲ. ಮಾವ ತಾವೂ ನಗುವುದನ್ನು ನಿಲ್ಲಿಸಿದರು. "ನಿನ್ನ ಕೈ ಚೆನ್ನಾಗಿದೆ ಮಗಳೇ. ಸಾಮಾನು ಕೆಟ್ಟಿರುತ್ತೆ. ಈಗಿನ ಯಾವ ಸಾಮಾನು ನೆಟ್ಟಗಿದೆ ಹೇಳು. ಕ್ಲಿಪ್ಪುಗಳನ್ನೇ ತಗೋ. ಮೊದ್ಲು ಟಕ್ ಅಂತ ಹೇಳಿ ಕೂರೋವು. ಈಗಿನವಕ್ಕೆ ಬಾಯೇ ಇಲ್ಲ. ಕೂತ್ವೋ ಇಲ್ವೋ ದೇವರೇ ಬಲ್ಲ."

ಈ ಮಾತನ್ನು ಮಾವ ಒಂದು ವರ್ಷದಿಂದ ಹೇಳುತ್ತಿದ್ದರು. ಶೆಡ್ಡಿನಲ್ಲಿ ಎಲ್ಲರೂ ಅದನ್ನು ಕೇಳಿ ನಕ್ಕು ಬಿಟ್ಟಿದ್ದರು.

ಅವಳು ಒಂದು ಪರೀಕ್ಷೆ ಮಾಡಿದಳು. ಹಿತ್ತಲಲ್ಲಿ ಬಿದ್ದಿದ್ದ ಹಳೆಯ ಮೂತಿಯೊಂದನ್ನು ತೊಳೆದು, ಉಜ್ಜಿ, ಅದೇ ಡಬ್ಬಿಯ ಪ್ರೈಮರ್, ಅದೇ ಬಣ್ಣ ಹೊಡೆದು ಸ್ಟ್ಯಾಂಡಿನ ಮೇಲೆ ಇಟ್ಟಳು. ಎರಡು ವಾರ ದಿನಾ ಬೆಳಿಗ್ಗೆ ಬಂದವಳೇ ಅದರ ಮೂಲೆಗಳನ್ನು ನೋಡುತ್ತಿದ್ದಳು. ಕೂದಲೆಳೆಯಷ್ಟೂ ಬಿರುಕಿಲ್ಲ. ಅಂದರೆ ಬಣ್ಣ ತಾನಾಗಿ ಒಡೆಯುತ್ತಿಲ್ಲ. ಸ್ಟ್ಯಾಂಡಿನಿಂದ ಕಾರಿಗೆ ಹೋಗುವ ದಾರಿಯಲ್ಲಿ ಏನೋ ಆಗುತ್ತಿದೆ.

ಆ ವಾರ ಶೆಡ್ಡಿಗೆ ಆಸ್ಪತ್ರೆಯ ನರ್ಸೊಬ್ಬರ ಕೆಂಪು ಕಾರು ಬಂದಿತ್ತು. ಕೆಂಪಿನಲ್ಲಿ ತಪ್ಪು ಅಡಗುವುದಿಲ್ಲ. ಅವಳು ಎಂದೂ ಹೊಡೆಯದಷ್ಟು ಎಚ್ಚರದಿಂದ ಹೊಡೆದು, ಎರಡು ದಿನ ಒಣಗಿಸಿ, ಮೂರನೆಯ ದಿನ, ಶುಕ್ರವಾರ, ಮಾವ ಅದನ್ನು ಕೂರಿಸುವಾಗ ಕೈಯಲ್ಲೊಂದು ಬಟ್ಟೆ ಹಿಡಿದು ಅವರ ಹಿಂದೆ ಹೋಗಿ ನಿಂತಳು. ಗನ್ನಿಗೆ ಗಾಳಿ ಒದಗಿಸುವ ಕಂಪ್ರೆಸರ್ ನಿಂತಿತ್ತು. ಶೆಡ್ಡು ಸದ್ದಿಲ್ಲದೆ ಇತ್ತು.

ಮಾವ ವೈರು ಸಿಕ್ಕಿಸಿದರು, ಮೇಲಂಚನ್ನು ತೂಗುಹಾಕಿದರು, ಎಡಮೂಲೆಯನ್ನು ಬ್ರಾಕೆಟ್ಟಿಗೆ ಹೊಂದಿಸಿ ಅಂಗೈಯ ಬುಡದಿಂದ ಒತ್ತಿದರು. ಟಕ್ ಎಂದು ಹಲ್ಲು ಕಚ್ಚಿದ್ದು ಅವಳಿಗೆ ಸ್ಪಷ್ಟವಾಗಿ ಕೇಳಿಸಿತು.

"ಕೂತಿತು ಮಾವ," ಅಂದಳು.

ಮಾವ ಇನ್ನೊಮ್ಮೆ ಒತ್ತಿದರು. ಕಚ್ಚಿಕೊಂಡ ಮೂಲೆಗೆ ಇನ್ನು ಹೋಗಲು ಜಾಗವಿರಲಿಲ್ಲ. ಅದು ಒಳಕ್ಕೆ ಬಾಗಿತು.

"ಮಾವ, ಕೂತಾಯ್ತು."

ಮಾವ ತಲೆ ಓರೆ ಮಾಡಿ, ಏನನ್ನೋ ಕಾಯುವವರ ಹಾಗೆ ಒಂದು ಕ್ಷಣ ನಿಂತು, ಮೂರನೆಯ ಸಲ ಮೈಭಾರವನ್ನೆಲ್ಲ ಅಂಗೈಗೆ ಹಾಕಿ ಒತ್ತಿದರು. ಆಮೇಲೆ ಹಿಂದೆ ಸರಿದು, ಅವಳನ್ನು ನೋಡಿ, "ಓ, ಇಲ್ಲೇ ಇದೀಯ? ನೋಡು, ಬಾಯೇ ಇಲ್ಲ ಇದಕ್ಕೂ," ಅಂದರು.

ಅವಳಿಗೆ ಎಲ್ಲವೂ ಒಟ್ಟಿಗೆ ಅರ್ಥವಾಯಿತು. ಮೊದಲ ದಿನ ಎರಡು ಸಲ ಕೂಗಿದರೂ ಓಗೊಡದ ಕಾಲುಗಳು, ಎದುರಿಗೆ ನಿಂತು ಮಾತಾಡಿದರೆ ಮಾತ್ರ ಬರುವ ಉತ್ತರ, ಮೆತ್ತಗಾದ ಅತ್ತೆ. ಕ್ಲಿಪ್ಪುಗಳ ಬಾಯಿ ಹೋಗಿರಲಿಲ್ಲ.

ನಾಲ್ಕು ಹೆಜ್ಜೆ ಆಚೆ ಯಜಮಾನರು ಕುರ್ಚಿಯಲ್ಲಿ ಕೂತಿದ್ದರು. ಹೋಗಿ ಒಂದು ಮಾತು ಹೇಳಿದರೆ ಸಾಕಿತ್ತು. ಗನ್ ಅವಳ ಕೈಯಲ್ಲೇ ಉಳಿಯುತ್ತಿತ್ತು. ಆದರೆ ಇಪ್ಪತ್ತು ವರ್ಷದಲ್ಲಿ ಒಂದು ಹಲ್ಲೂ ಮುರಿಯದವರನ್ನು ಮೂಲೆಗೆ ಕೂರಿಸುವ ಮಾತೂ ಅದೇ ಆಗಿತ್ತು. ಆ ಗನ್ನನ್ನು ಕೊಡಿಸಿದವರೂ ಅವರೇ. ಹೇಳದಿದ್ದರೆ ಹತ್ತು ದಿನದಲ್ಲಿ ಕೆಂಪು ಕಾರು ವಾಪಸ್ ಬರುತ್ತದೆ.

ಅವಳು ಮೂತಿಯ ಮೇಲೆ ಬಗ್ಗಿ, ಬೆರಳಿಟ್ಟು, "ಅಯ್ಯೋ ಮಾವ, ಇಲ್ಲಿ ಧೂಳು ಕೂತಿದೆ. ನಾನು ನೋಡಿರಲಿಲ್ಲ. ಬಿಚ್ಚಿ ಕೊಡಿ, ಇನ್ನೊಂದ್ಸಲ ಹೊಡೀತೀನಿ," ಅಂದಳು. ಎದುರು ನಿಂತು, ತುಟಿ ಬಿಡಿಸಿ ಹೇಳಿದಳು.

ಮಾವ ಕಣ್ಣು ಕಿರಿದು ಮಾಡಿ ನೋಡಿದರು. ಧೂಳು ಅವರಿಗೆ ಕಾಣಲಿಲ್ಲ. ಆದರೆ ಬಣ್ಣದ ವಿಷಯದಲ್ಲಿ ಅವಳ ಮಾತೇ ಕೊನೆ ಎಂದು ಅವರೇ ಎಲ್ಲರಿಗೂ ಹೇಳಿದ್ದರು. ಸ್ಕ್ರೂಡ್ರೈವರ್ ಎತ್ತಿಕೊಂಡರು.

"ಮತ್ತೆ ಏನಮ್ಮ?" ಎಂದರು ಯಜಮಾನರು ಕುರ್ಚಿಯಿಂದಲೇ.

"ನನ್ನದೇ ತಪ್ಪು ಸರ್. ಧೂಳು. ನರ್ಸಮ್ಮನಿಗೆ ಸೋಮವಾರ ಬರೋಕೆ ಹೇಳಿ," ಅಂದಳು. ಯಜಮಾನರು ಉಸಿರು ಬಿಟ್ಟ ರೀತಿ ಅವಳಿಗೆ ಇಷ್ಟವಾಗಲಿಲ್ಲ.

ಬಿಚ್ಚಿದ ಮೇಲೆ ಪರೀಕ್ಷೆಯ ಮೂತಿಯ ಮೂಲೆಯನ್ನು ಒಂದು ಮರದ ತುಂಡಿಗೆ ಆನಿಸಿ, ಮಾವ ಒತ್ತಿದ ಹಾಗೆ ಮೂರು ಸಲ ಒತ್ತಿ ನೋಡಿದಳು. ಬೆಳಕಿಗೆ ಹಿಡಿದಾಗ ಉಗುರಿನಂಚಿನ ಗೆರೆ ಮೂಡಿತ್ತು. ಆ ಸಂಜೆಯೇ ಕೆಂಪು ಮೂತಿಯ ಎಡಮೂಲೆಯನ್ನು ಉಜ್ಜಿ, ಮತ್ತೆ ಬಣ್ಣ ಹೊಡೆದು ಒಣಗಲು ಇಟ್ಟಳು.

ಭಾನುವಾರ ಅವಳು ಮಾವನ ಮನೆಗೆ ಹೋದಳು. ಎರಡು ಕೋಣೆಯ ಮನೆ, ಬಾಗಿಲಲ್ಲಿ ಹಳೆಯ ಟೈರಿನಲ್ಲಿ ಬೆಳೆಸಿದ ಹೂವಿನ ಗಿಡ. ಮಾವ ಹಿತ್ತಲಲ್ಲಿ ಸೈಕಲ್ಲು ತೊಳೆಯುತ್ತಿದ್ದರು. ಅತ್ತೆ ಕನ್ನಡಕ ಹಣೆಗೇರಿಸಿಕೊಂಡು, ತೊಡೆಯ ಮೇಲೆ ಒಂದು ಪ್ಯಾಂಟು ಹಾಕಿಕೊಂಡು ತೇಪೆ ಹೊಲಿಯುತ್ತಿದ್ದರು.

"ಬಾ ಬಾ. ನೀನೇ ಅಲ್ವಾ ಬಣ್ಣದವಳು? ದಿನಾ ನಿನ್ನ ಸುದ್ದಿ. ಕೂತ್ಕೋ."

ಅವಳು ಕೂತಳು. ನೀರು ಕುಡಿದಳು. ಹೇಗೆ ಶುರು ಮಾಡಬೇಕೆಂದು ತಿಳಿಯದೆ, "ನೀವು ಈಗೀಗ ಬೈಯೋದು ಕಡಿಮೆ ಮಾಡಿದೀರಂತೆ ಅತ್ತೆ," ಅಂದಳು.

ಅತ್ತೆಯ ಸೂಜಿ ನಿಂತಿತು. "ಹಾಗಂದ್ರಾ? ಅಯ್ಯೋ ನನ್ನ ಕರ್ಮವೇ. ಬೈದು ಬೈದು ನನ್ನ ಗಂಟಲು ಹೋಯ್ತು. ಕುಕ್ಕರ್ ಕೂಗಿದ್ರೂ ಕೇಳಲ್ಲ, ಬಾಗಿಲು ಬಡಿದ್ರೂ ಕೇಳಲ್ಲ. ಡಾಕ್ಟರ ಹತ್ರ ಹೋಗೋಣ ಅಂದ್ರೆ, ನಿನ್ನ ದನಿ ಸಣ್ಣದಾಗಿದೆ, ನೀನು ಹೋಗು ಅಂತಾರೆ." ದಾರ ಕಚ್ಚಿ ತುಂಡು ಮಾಡಿ, ದನಿ ತಗ್ಗಿಸಿ ಕೇಳಿದರು. ತಗ್ಗಿಸುವ ಅಗತ್ಯವೇನೂ ಇರಲಿಲ್ಲ. "ಕೆಲಸದಲ್ಲಿ ಏನಾದ್ರೂ ತೊಂದ್ರೆ ಆಯ್ತಾ?"

ಅವಳು ಎಲ್ಲ ಹೇಳಿದಳು. ಅತ್ತೆ ಹಿತ್ತಲ ಕಡೆ ನೋಡಿದರು. ಅಲ್ಲಿ ಮಾವ ಸೈಕಲ್ಲಿನ ಗಂಟೆಯನ್ನು ಬಟ್ಟೆಯಿಂದ ಉಜ್ಜುತ್ತಿದ್ದರು. ಅದು ಕಿಣಿ ಕಿಣಿ ಎನ್ನುತ್ತಲೇ ಇದ್ದರೂ ಉಜ್ಜುತ್ತಲೇ ಇದ್ದರು.

"ನಾನು ಹೇಳಿದ್ರೆ ಮದುವೆ ಆದಾಗಿಂದ ಇದೇ ರಾಗ ಅಂತ ನಗ್ತಾರೆ," ಎಂದರು ಅತ್ತೆ. "ನೀನು ಹೇಳು. ನಿನ್ನ ಮಾತು ಕೇಳ್ತಾರೆ. ಆದ್ರೆ ನಾಲ್ಕು ಜನರ ಮುಂದೆ ಬೇಡಮ್ಮ."

ಅಷ್ಟರಲ್ಲಿ ಮಾವ ಒಳಗೆ ಬಂದರು. ಅವಳನ್ನು ನೋಡಿ ಮುಖ ಅರಳಿತು. "ನೋಡಿದ್ಯಾ, ಹೇಗೆ ಮೆಲ್ಲಗೆ ಮಾತಾಡ್ತಾಳೆ," ಎಂದು ಹೆಂಡತಿಯ ಕಡೆ ಕೈ ತೋರಿಸಿದರು. ಅವಳು ಎದ್ದು ಚಪ್ಪಲಿ ಮೆಟ್ಟಿದಳು. ಆ ದಿನ ಏನೂ ಹೇಳದೆ ವಾಪಸ್ ಬಂದಳು.

ಸೋಮವಾರ ಬೆಳಿಗ್ಗೆ, ಯಜಮಾನರು ಬರುವುದಕ್ಕೆ ಮೊದಲು, ಇಬ್ಬರೂ ಕೆಂಪು ಮೂತಿಯನ್ನು ಎತ್ತಿ ತಂದರು. ಮಾವ ಎಡಮೂಲೆಗೆ ಅಂಗೈ ಇಟ್ಟಾಗ ಅವಳು ಪಕ್ಕಕ್ಕೆ ಬಂದು ಮಂಡಿಯೂರಿ ಕೂತಳು. ಅವರು ಒತ್ತಿದರು. ಟಕ್. ಅವಳು ಅವರ ಮಣಿಕಟ್ಟು ಹಿಡಿದಳು.

ಮಾವ ಅವಳ ಮುಖ ನೋಡಿದರು. "ಏನು?"

"ಕೂತಿತು."

"ಯಾವಾಗ?"

"ಈಗ."

ಮಾವ ಮೂಲೆಯನ್ನು ಬೆರಳಿನಿಂದ ಅಲ್ಲಾಡಿಸಿ ನೋಡಿದರು. ಅಲ್ಲಾಡಲಿಲ್ಲ. ಎರಡನೆಯ ಹಲ್ಲಿನ ಜಾಗಕ್ಕೆ ಕೈ ಸರಿಸಿದರು. ಒತ್ತಿದರು. ಅವಳು ಮತ್ತೆ ಮಣಿಕಟ್ಟು ಹಿಡಿದಳು. ಮೂರನೆಯದಕ್ಕೂ ಹಿಡಿದಳು. ಆಮೇಲೆ ಮಾವ ಕೈ ಹಿಂದಕ್ಕೆ ತೆಗೆದುಕೊಂಡು, ಪಕ್ಕದಲ್ಲಿದ್ದ ಖಾಲಿ ಪ್ರೈಮರ್ ಡಬ್ಬಿಯ ಮೇಲೆ ನಿಧಾನವಾಗಿ ಕೂತರು.

"ಮೂರೂ ಟಕ್ ಅಂದ್ವಾ?"

"ಹೂಂ ಮಾವ."

"ಜೋರಾಗಾ?"

ಅವಳು ಹೌದೆಂದು ತಲೆಯಾಡಿಸಿದಳು.

ಅವರು ತಮ್ಮ ಅಂಗೈಯನ್ನು ತಿರುಗಿಸಿ, ಅದು ಬೇರೆ ಯಾರದೋ ಎಂಬಂತೆ ನೋಡಿಕೊಂಡರು. "ಆ ಬಿಳೀ ಗಾಡಿ. ಆಮೇಲಿನವೆರಡು. ಅವನ್ನ ಒಡ್ದಿದ್ದು ನಾನಾ?"

"ಬಣ್ಣದಲ್ಲೂ ಸ್ವಲ್ಪ—"

"ಸುಳ್ಳು ಹೇಳ್ಬೇಡ. ನಿನ್ನ ಬಣ್ಣ ನಂಗೆ ಗೊತ್ತು." ಆಮೇಲೆ ಕೇಳಿದರು, "ಶುಕ್ರವಾರ ಧೂಳಿರಲಿಲ್ಲ, ಅಲ್ವಾ?"

ಅವಳು ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು.

"ಹಾಗಾದ್ರೆ ನಮ್ಮವಳು ಬೈತಾನೇ ಇದಾಳೆ ಅನ್ನು," ಅಂದರು ಮಾವ. ನಗಲು ನೋಡಿದರು. ನಗು ಅರ್ಧಕ್ಕೆ ನಿಂತು, ಕಣ್ಣು ಒದ್ದೆಯಾಯಿತು. ಅವಳು ನೆಲದ ಮೇಲೆ ಅವರ ಪಕ್ಕದಲ್ಲೇ ಕೂತಳು. ರಸ್ತೆಯಲ್ಲಿ ಶಾಲೆಯ ಮಕ್ಕಳು ಹಾದುಹೋದರು. ಅವರ ಗದ್ದಲ ಮಾವನಿಗೆ ಎಷ್ಟು ಕೇಳಿಸಿತೋ ಅವಳಿಗೆ ಗೊತ್ತಾಗಲಿಲ್ಲ.

ಯಜಮಾನರ ಸ್ಕೂಟರು ಬಂದು ನಿಂತದ್ದನ್ನು ಅವಳು ಕೇಳಿದಳು, ಮಾವ ನೋಡಿದರು. ಮಾವ ಎದ್ದು, ಕೈ ಒರೆಸಿಕೊಂಡು, ನೇರ ಅವರ ಬಳಿ ಹೋದರು. ಅವಳು ಬೇಡ ಎಂದು ಹಿಂದಿನಿಂದ ಹೇಳಿದ್ದು ಅವರಿಗೆ ಕೇಳಲಿಲ್ಲ.

"ಆ ಬಿರುಕು ಹುಡುಗಿ ಬಣ್ಣದ್ದಲ್ಲ. ನನ್ನ ಅಂಗೈದು," ಎಂದರು. "ಕೂತ ಮೇಲೂ ಒತ್ತಿದೀನಿ. ನಂಗೆ ಕಿವಿ ಕೇಳ್ತಿಲ್ಲ. ತಪ್ಪನ್ನ ಕ್ಲಿಪ್ಪಿನ ಮೇಲೆ ಹಾಕ್ತಿದ್ದೆ."

ಯಜಮಾನರು ಹೆಲ್ಮೆಟ್ಟನ್ನು ಕೈಯಲ್ಲೇ ಹಿಡಿದುಕೊಂಡು ನಿಂತರು. ಸಣ್ಣವರಿದ್ದಾಗ ಅವರನ್ನು ಇದೇ ಶೆಡ್ಡಿನಲ್ಲಿ ಹೆಗಲ ಮೇಲೆ ಕೂರಿಸಿಕೊಂಡು ತಿರುಗಿದ್ದವರು ಮಾವ. ಯಜಮಾನರು ಅವಳ ಕಡೆ ನೋಡಿ, "ನಿಂಗೆ ಗೊತ್ತಿತ್ತಾ?" ಎಂದರು.

"ಶುಕ್ರವಾರದಿಂದ."

"ಮತ್ತೆ ಧೂಳು ಅಂದ್ಯಲ್ಲ."

ಅವಳು ಮಾವನ ಕಡೆ ನೋಡಿದಳು. ಯಜಮಾನರು ಒತ್ತಾಯ ಮಾಡಲಿಲ್ಲ. "ಹಾಗಾದ್ರೆ ಮೂತಿ ಕೂರಿಸೋರು ಯಾರು ಮಾವ?" ಎಂದು ಮಾತ್ರ ಕೇಳಿದರು. ಎದುರು ನಿಂತು, ಗಟ್ಟಿಯಾಗಿ, ಅಕ್ಷರ ಬಿಡಿಸಿ ಕೇಳಿದರು.

ಉತ್ತರ ಸಿಕ್ಕಿದ್ದು ಕೆಂಪು ಕಾರಿನ ಬಲಮೂಲೆಯಲ್ಲಿ. ಎಡಮೂಲೆ ಆಗಿತ್ತು, ಬಲಮೂಲೆ ಉಳಿದಿತ್ತು, ನರ್ಸು ಹತ್ತಕ್ಕೆ ಬರುವವರಿದ್ದರು. ಅವಳು ಮಾವನ ಎಡಗೈಯನ್ನು ಹಿಡಿದು, ಚಕ್ರದ ಕಮಾನಿನ ಒಳಗಿನಿಂದ ತೂರಿಸಿ, ಎರಡು ಬೆರಳ ತುದಿಯನ್ನು ಬ್ರಾಕೆಟ್ಟಿನ ಬೆನ್ನಿಗೆ ತಾಗಿಸಿದಳು. "ಈಗ ಬಲಗೈಯಲ್ಲಿ ಮೆತ್ತಗೆ ಒತ್ತಿ," ಅಂದಳು. ಮಾವ ಒತ್ತಿದರು. ಹಲ್ಲು ಕಚ್ಚಿತು. ಅವಳು ಮಣಿಕಟ್ಟು ಹಿಡಿಯಲು ಕೈ ಚಾಚುವ ಮೊದಲೇ ಅವರ ಬಲಗೈ ನಿಂತಿತ್ತು.

"ಗುದ್ದಿತು," ಅಂದರು ಮಾವ. "ಒಳಗಿಂದ ಬೆರಳಿಗೆ ಗುದ್ದಿತು."

"ಇನ್ನೊಂದು ನೋಡಿ."

ಇನ್ನೊಂದೂ ಗುದ್ದಿತು. ಮೂರನೆಯದಕ್ಕೆ ಮಾವ ಕಣ್ಣು ಮುಚ್ಚಿಕೊಂಡರು. ಹಿಂದೆ ನಿಂತಿದ್ದ ಯಜಮಾನರು ಹೆಲ್ಮೆಟ್ಟನ್ನು ಕುರ್ಚಿಯ ಮೇಲಿಟ್ಟು, ಬಾಗಿಲ ಕಡೆ ಹೋಗಿ, ಬರುವ ಹೊತ್ತಾಗಿರದಿದ್ದರೂ ನರ್ಸಿನ ದಾರಿ ನೋಡುತ್ತ ನಿಂತರು.

ಕೆಂಪು ಕಾರು ವಾಪಸ್ ಬರಲಿಲ್ಲ. ಹತ್ತು ದಿನ, ಒಂದು ತಿಂಗಳು, ಮೂರು ತಿಂಗಳು ಕಳೆದರೂ ಬರಲಿಲ್ಲ. ಹೊರಗಿನ ಪೇಂಟರ್ ಮಾತನ್ನು ಯಜಮಾನರು ಮತ್ತೆ ಎತ್ತಲಿಲ್ಲ. ಆ ನರ್ಸಮ್ಮನೇ ತಮ್ಮ ಆಸ್ಪತ್ರೆಯಲ್ಲಿ ಮಾವನ ಕಿವಿಯ ಪರೀಕ್ಷೆಗೆ ದಿನ ಗೊತ್ತುಮಾಡಿಸಿದರು. ಯಂತ್ರ ಹಾಕಿದರೆ ಮಾತು ಕೇಳುತ್ತದೆ, ಸಣ್ಣ ಸದ್ದುಗಳು ಪೂರ್ತಿ ವಾಪಸ್ ಬರಲಿಕ್ಕಿಲ್ಲ ಎಂದರು ಡಾಕ್ಟರು. ಮಾವ ಯಂತ್ರ ಹಾಕಿಕೊಂಡರು. ಶೆಡ್ಡಿನಲ್ಲಿ ಕಂಪ್ರೆಸರ್ ಶುರುವಾದಾಗ ತೆಗೆದು ಜೇಬಿಗೆ ಹಾಕಿಕೊಳ್ಳುತ್ತಾರೆ.

ಮೂತಿ ಮಾವ ಈಗಲೂ ಅದೇ ಶೆಡ್ಡಿನಲ್ಲಿ, ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ, ವಾರಕ್ಕೆ ಆರು ದಿನ ಬಂಪರು ಬಿಚ್ಚುತ್ತಾರೆ, ಕೂರಿಸುತ್ತಾರೆ. ಕೂರಿಸುವಾಗ ಎಡಗೈಯ ಎರಡು ಬೆರಳು ಒಳಗಿರುತ್ತವೆ, ಬಲಗೈ ಹೊರಗೆ. ಅವಳು ಬಣ್ಣ ಹೊಡೆಯುತ್ತಾಳೆ.